ಎರಡು ರೈಲಿನ ನಡುವೆ

(ಬಾಗಲಕೋಟೆಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಹಿರಿಯ ಕಾರ್ಯಕರ್ತರೊಬ್ಬರು ಆಡಿದ ಮಾತು. ಬಾದಾಮಿ, ಹುನಗುಂದ, ಇಳಕಲ್ಲಿನಿಂದಲೂ ಗೆಳೆಯರು ಬಂದಿದ್ದರು. ಆಡಿದಂತೆಯೇ ಬರೆದುಕೊಂಡಿದ್ದೇವೆ, ಅಲ್ಲಲ್ಲಿ ಮಾತ್ರ ತಿದ್ದಿದ್ದೇವೆ.)



ಹಿಂದೆ ಕೂತವರು ಮುಂದೆ ಬರ್ರಿ. ಮುಂದೆ ಇಷ್ಟು ಜಾಗ ಖಾಲಿ ಐತಿ, ಆದರೂ ಗೋಡೆಗೆ ಅಂಟಿಕೊಂಡು ಕೂತಿದ್ದೀರಿ. ನಾನೂ ನಿಮ್ಮ ವಯಸ್ಸಿನಲ್ಲಿ ಹಂಗೇ ಕೂಡ್ತಿದ್ದೆ. ಯಾರೂ ಹಿಂದೆ ಕೂಡು ಅಂತ ಹೇಳಿರಲಿಲ್ಲ. ಯಾಕೆ ಕೂಡ್ತಿದ್ದೆ ಅನ್ನೋದನ್ನ ಕೊನೆಗೆ ಹೇಳ್ತೀನಿ, ಇವತ್ತಿನ ಮಾತು ಅದರದೇ.

ಹೋದ ತಿಂಗಳು ಒಬ್ಬ ಹುಡುಗ ನನಗೆ ಫೋನ್ ಮಾಡಿದ್ದ. ನಿಮ್ಮ ಹಾಗೆ ಹಾಸ್ಟೆಲಿನಲ್ಲಿ ಓದಿದವನು. ಅಪ್ಪ ಇಳಕಲ್ಲಿನ ಹತ್ತಿರ ಕ್ವಾರಿಯಲ್ಲಿ ಕೆಂಪು ಗ್ರಾನೈಟ್ ಒಡೆದವನು. ಹುಡುಗ ಈಗ ಜರ್ಮನಿಯಲ್ಲಿ ಕೆಲಸದಲ್ಲಿದ್ದಾನೆ. ಮ್ಯೂನಿಕ್‌ನಿಂದ ವಿಯೆನ್ನಾಕ್ಕೆ ರೈಲಿನಲ್ಲಿ ಹೊರಟಿದ್ದನಂತೆ. ದಾರಿಯಲ್ಲಿ ಸಾಲ್ಸ್‌ಬರ್ಗ್ ಅಂತ ಒಂದು ಊರು, ಆಸ್ಟ್ರಿಯಾ ದೇಶದ್ದು. ಒಂದು ರೈಲು ಬಿಟ್ಟು ಇನ್ನೊಂದು ಹಿಡಿಯುವುದಕ್ಕೆ ನಡುವೆ ಮೂರು ತಾಸು ಸಿಕ್ಕವು. ಚೀಲ ಬೆನ್ನಿಗೆ ಹಾಕ್ಕೊಂಡು ಊರೊಳಗೆ ನಡೆದುಬಿಟ್ಟ.

ಗುಡ್ಡದ ಮೇಲೆ ಕೋಟೆ, ಕೆಳಗೆ ಹೊಳೆ, ಇಕ್ಕಟ್ಟಿನ ಹಳೇ ಓಣಿಗಳು. ಮೊಜಾರ್ಟ್ ಅನ್ನೋ ದೊಡ್ಡ ಸಂಗೀತಗಾರ 1756ರಲ್ಲಿ ಹುಟ್ಟಿದ ಮನೆ ಅಲ್ಲಿದೆ, ಮಂದಿ ಅದನ್ನು ನೋಡಲಿಕ್ಕೇ ಹೋಗುತ್ತಾರೆ. ಇದನ್ನೆಲ್ಲಾ ಅವನು ಎರಡು ಮಾತಿನಲ್ಲಿ ಮುಗಿಸಿದ. ಬಹಳ ಹೊತ್ತು ಹೇಳಿದ್ದು ಬೇರೆ. "ಅಣ್ಣಾ, ಬಯಲೊಳಗೆ ಒಂದು ನಳ ಇತ್ತು. ಬಾಟಲಿ ಹಿಡದೆ, ತುಂಬಿದೆ, ಕುಡದೆ. ನನ್ನ ಹಿಂದೆ ಒಬ್ಬ ಮುದುಕ ನಿಂತಿದ್ದ, ಅವನೂ ಹಿಡದ. ಅಷ್ಟೇ ಅಣ್ಣಾ" ಅಂದ. ಅಷ್ಟೇ ಅನ್ನುವಾಗ ಅವನ ದನಿ ಸಣ್ಣಗಾಯಿತು. ಮೂವತ್ತು ದಾಟಿದ ಮನುಷ್ಯ, ಒಂದು ನಳದಲ್ಲಿ ನೀರು ಕುಡಿದದ್ದನ್ನು ಸಾವಿರಾರು ಮೈಲಿಯಿಂದ ಫೋನ್ ಮಾಡಿ ಹೇಳುತ್ತಾನೆ. ಈ ಮಾತು ಬೇರೆಯವರಿಗೆ ಹೇಳಿದರೆ ನಗುತ್ತಾರೆ. ನೀವು ನಗಲಿಲ್ಲ ನೋಡಿ.

ಇನ್ನೊಂದು ಸಂಗತಿ ಹೇಳಿದ. ನಡೆಯುವ ದಾರಿಯಲ್ಲಿ, ಕಲ್ಲು ಹಾಸಿನ ನಡುವೆ, ಅಂಗೈಯಷ್ಟು ಹಿತ್ತಾಳೆ ಬಿಲ್ಲೆಗಳು. (ಕ್ವಾರಿಯವನ ಮಗ, ಎಲ್ಲೇ ಹೋದರೂ ಕಾಲ ಕೆಳಗಿನ ಕಲ್ಲು ನೋಡುತ್ತಾನೆ.) ಒಂದೊಂದರ ಮೇಲೆ ಒಬ್ಬೊಬ್ಬರ ಹೆಸರು, ಹುಟ್ಟಿದ ವರ್ಷ, ಎಲ್ಲಿಗೆ ಹಿಡಿದೊಯ್ದರು, ಎಲ್ಲಿ ಕೊಂದರು. ಅವರು ಬಾಳಿದ ಮನೆಯ ಬಾಗಿಲ ಮುಂದೆಯೇ ಹಾಕಿದ್ದಾರೆ. 1938ರ ಮಾರ್ಚಿಯಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಾ ಹೊಕ್ಕಿತು. ಅದೇ ವರ್ಷ ಆ ಊರಿನಲ್ಲಿ ಹುಕುಂ ಆಯಿತು: ಯಹೂದಿಗಳು ಅಲ್ಲಿಯ ನಾಡ ಉಡುಪು ತೊಡಬಾರದು. ಅದೇ ಮಣ್ಣಿನಲ್ಲಿ ಹುಟ್ಟಿದವರು, ಅದೇ ಭಾಷೆ ಆಡುವವರು, ಆ ಊರಿನ ಅಂಗಿ ಮಾತ್ರ ಹಾಕಬಾರದು. ಏಪ್ರಿಲ್ 30ಕ್ಕೆ ಊರ ನಡುವಿನ ಬಯಲಲ್ಲಿ ಪುಸ್ತಕ ಸುಟ್ಟರು. ಆಮೇಲೆ ಮನುಷ್ಯರನ್ನೇ ಹಿಡಿದೊಯ್ದರು.

ಇಲ್ಲಿ ಒಂದು ಮಾತು. ಕಾಲೇಜಿನಲ್ಲಿ ಯಾರಾದರೂ ನಿಮ್ಮನ್ನು ಕೇಳೇ ಕೇಳ್ತಾರ, ಅವರು ಸುಟ್ಟದ್ದು ತಪ್ಪಾದರೆ 1927ರ ಡಿಸೆಂಬರ್ 25ಕ್ಕೆ ಮಹಾಡದಲ್ಲಿ ನಿಮ್ಮವರು ಮನುಸ್ಮೃತಿ ಸುಟ್ಟದ್ದೇನು ಅಂತ. ಉತ್ತರ ತಯಾರಿಟ್ಟುಕೊಳ್ಳಿ. ಅಲ್ಲಿ ಪೊಲೀಸು, ಕೋರ್ಟು, ಬಂದೂಕು ಎಲ್ಲಾ ಕೈಯಲ್ಲಿದ್ದವರು, ಏನೂ ಇಲ್ಲದವರ ಪುಸ್ತಕ ಸುಟ್ಟರು. ಮಹಾಡದಲ್ಲಿ ಕೆರೆಯ ನೀರೂ ಸಿಗದವರು, ತಮ್ಮನ್ನು ನಾಯಿಗಿಂತ ಕಡೆ ಮಾಡಿದ ಶಾಸ್ತ್ರ ಸುಟ್ಟರು. ಬೆಂಕಿ ಒಂದೇ ಇರಬಹುದು, ಹಚ್ಚಿದ ಕೈ ಯಾರದು ಅನ್ನೋದನ್ನ ನೋಡಬೇಕು.

ಹಂಗಾದರೆ ಆ ಊರು ದೇವಲೋಕ ಅಂತ ನಾನು ಹೇಳ್ತಿಲ್ಲ. ಹೊರಗಿನಿಂದ ಹೋದ ಕಪ್ಪು ಮೈಯವರನ್ನು ಅಲ್ಲಿಯೂ ಓರೆಗಣ್ಣಿನಿಂದ ನೋಡುವವರಿದ್ದಾರೆ. ಆದರೆ ಆ ಊರು ತಾನು ಮಾಡಿದ ಪಾಪವನ್ನು ತನ್ನ ಬಾಗಿಲ ಮುಂದೆ ಹೆಸರು ಸಮೇತ ಬರೆದಿಟ್ಟಿದೆ. ನಮ್ಮ ಊರುಗಳ ಭಾವಿ ಕಟ್ಟೆಯ ಮೇಲೆ ಹಾಗೆ ಬರೆಯಲು ಹೊರಟರೆ ಎಷ್ಟು ಹಿತ್ತಾಳೆ ಬೇಕಾದೀತು, ನೀವೇ ಲೆಕ್ಕ ಹಾಕಿ.

ಆ ಹುಡುಗ ಜರ್ಮನಿಗೆ ಹೋಗುವ ಮುಂಚೆ ವೀಸಾಕ್ಕೆ ತಿಂಗಳುಗಟ್ಟಲೆ ಕಾದಿದ್ದ. ಒಮ್ಮೆ ಸಿಕ್ಕಿತು ನೋಡಿ, ಜರ್ಮನಿ ಕೊಟ್ಟ ಅದೇ ಮುದ್ರೆ ಆಸ್ಟ್ರಿಯಾಕ್ಕೂ ನಡೆಯಿತು. ಬಾಬಾಸಾಹೇಬರು ತಮ್ಮ ಬಾಳಿನ ಕೆಲವು ಘಟನೆಗಳನ್ನು ಒಂದು ಸಣ್ಣ ಕೃತಿಯಲ್ಲಿ ಬರೆದಿಟ್ಟಿದ್ದಾರೆ. ಅದರ ಹೆಸರು 'ವೀಸಾಕ್ಕಾಗಿ ಕಾಯುತ್ತಾ'. 1935-36ರ ಸುಮಾರಿಗೆ ಬರೆದದ್ದು, ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ 1990ರಲ್ಲಿ ಪುಸ್ತಕವಾಗಿ ಬಂತು. ಅವರು ಓದಿದ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅದನ್ನು ಪಾಠಕ್ಕೆ ಇಟ್ಟಿದ್ದಾರೆ. ನಮ್ಮ ಹಾಸ್ಟೆಲುಗಳಲ್ಲಿ ಎಷ್ಟು ಮಂದಿ ಓದಿದ್ದೀರಿ? ಕೈ ಎತ್ತಿ. ಆಯ್ತು, ಇಳಿಸ್ರಿ. ಇಪ್ಪತ್ತು-ಮೂವತ್ತು ಪುಟ ಅಷ್ಟೇ, ಒಂದು ರಾತ್ರಿಯ ಕೆಲಸ.

ಅದರಲ್ಲಿ ಪರದೇಶದ ವೀಸಾದ ಸುದ್ದಿಯೇ ಇಲ್ಲ. ಇರುವುದು ರೈಲು ಸ್ಟೇಷನ್ನು, ಟಾಂಗಾ, ಧರ್ಮಶಾಲೆ, ಕೆರೆ. ತನ್ನದೇ ನಾಡಿನಲ್ಲಿ ಒಂದು ಊರಲ್ಲಿ ಇಳಿದು ಇನ್ನೊಂದು ಊರಿಗೆ ಹೋಗಲು ಯಾರ್ಯಾರ ಅಪ್ಪಣೆಗೆ ಕಾಯಬೇಕಾಯಿತು ಅನ್ನೋದು.

ಮೊದಲನೆಯದು 1901ರ ಸುಮಾರಿನದು. ಭೀಮ ಆಗ ಒಂಬತ್ತು ಹತ್ತು ವರ್ಷದ ಹುಡುಗ. ಮನೆ ಸಾತಾರಾದಲ್ಲಿ, ಅಪ್ಪ ಗೋರೆಗಾಂವದಲ್ಲಿ ಕ್ಯಾಷಿಯರ್ ಕೆಲಸಕ್ಕಿದ್ದರು. ರಜೆಗೆ ಬರ್ರಿ ಅಂತ ಕಾಗದ ಬರೆದಿದ್ದರು. ಭೀಮ, ಅವರ ಅಣ್ಣ, ತೀರಿಕೊಂಡ ಅಕ್ಕನ ಇಬ್ಬರು ಮಕ್ಕಳು, ನಾಲ್ವರೂ ಹೊಸ ಅಂಗಿ, ಜರಿ ಟೋಪಿ, ರೇಷ್ಮೆ ಅಂಚಿನ ಧೋತರ ಹಾಕ್ಕೊಂಡು ರೈಲು ಹತ್ತಿದರು. ಸಂಜೆಗೆ ಮಸೂರ ಸ್ಟೇಷನ್ನಿನಲ್ಲಿ ಇಳಿದರು. ಕರೆಯಲು ಯಾರೂ ಬಂದಿಲ್ಲ. ಬರೆದ ಕಾಗದ ಅಪ್ಪನ ಕೈ ಸೇರಿಯೇ ಇರಲಿಲ್ಲ. ಸ್ಟೇಷನ್ ಮಾಸ್ತರ ಬಂದು, ಉಡುಗೆ ನೋಡಿ, ಬ್ರಾಹ್ಮಣರ ಮಕ್ಕಳಿರಬೇಕು ಅಂದುಕೊಂಡು ಕರುಣೆಯಿಂದ ಮಾತಾಡಿಸಿದ. ಯಾರ ಮಕ್ಕಳು ಅಂತ ಕೇಳಿದ. ಹುಡುಗ ಹಿಂದುಮುಂದು ನೋಡದೆ ಮಹಾರರು ಅಂದುಬಿಟ್ಟ. ಮಾಸ್ತರನ ಮುಖ ಬದಲಾಯಿತು, ಸರಕ್ಕನೆ ಒಳಗೆ ಹೋದ.

ಹೊರಗೆ ಬಾಡಿಗೆ ಚಕ್ಕಡಿಗಳು ಸಾಲಾಗಿದ್ದವು. ಮಹಾರರ ಮಕ್ಕಳು ಅನ್ನೋ ಸುದ್ದಿ ಅಷ್ಟರಲ್ಲಿ ಅವರಿಗೂ ಮುಟ್ಟಿತ್ತು. ಒಬ್ಬನೂ ಒಲ್ಲೆ ಅಂದ. ಕಡೆಗೆ ಒಂದು ತೋಡು ಸಿಕ್ಕಿತು: ಬಾಡಿಗೆ ಎರಡು ಪಟ್ಟು ಕೊಡಬೇಕು, ಎತ್ತು ಹುಡುಗರೇ ಹೊಡೆಯಬೇಕು, ಚಕ್ಕಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ. ಗಾಡಿ ಮೈಲಿಗೆ ಆಗೋದಿಲ್ಲ, ರೊಕ್ಕ ಮೈಲಿಗೆ ಆಗೋದಿಲ್ಲ, ಹುಡುಗರ ಪಕ್ಕ ಕೂತರೆ ಮಾತ್ರ ಆಗುತ್ತದೆ. ಈ ಲೆಕ್ಕ ಯಾವ ಗಣಿತದ ಮಾಸ್ತರೂ ಬಿಡಿಸಲಾರ. ಬುತ್ತಿ ತುಂಬಾ ಊಟ ಇತ್ತು, ನೀರಿಲ್ಲ. ನಡುರಾತ್ರಿ ಹೊತ್ತಿಗೆ ಟೋಲ್ ವಸೂಲಿಯವನ ಗುಡಿಸಲು ಬಂತು. ಚಕ್ಕಡಿಯವನು ಹೇಳಿಕೊಟ್ಟ, ಮುಸಲ್ಮಾನರು ಅಂತ ಹೇಳ್ರಿ, ನೀರು ಕೊಟ್ಟಾನು. ಹುಡುಗ ಉರ್ದುವಿನಲ್ಲಿ ಹಾಗೇ ಹೇಳಿ ನೀರು ಕೇಳಿದ. ಆದರೂ ಸಿಗಲಿಲ್ಲ. ಊಟ ಇದ್ದೂ ನಾಲ್ಕೂ ಮಕ್ಕಳು ಹಸಿದೇ ರಾತ್ರಿ ಕಳೆದರು.

ಇದನ್ನು ಎಲ್ಲೋ ಮಹಾರಾಷ್ಟ್ರದ ಕತೆ ಅಂತ ಬಿಡಬೇಡಿ. ಮಸೂರಿನ ಹಳಿ ಹಾಕಿದ್ದು ಸದರ್ನ್ ಮರಾಠಾ ರೈಲ್ವೆ ಕಂಪನಿ. ಬಾಗಲಕೋಟೆ, ಬಾದಾಮಿ ಮೇಲೆ ಹಾದು ಹೋಗುವ ನಮ್ಮ ಹೊಟಗಿ-ಗದಗ ಲೈನು ಹಾಕಿದ್ದೂ ಅದೇ ಕಂಪನಿ. 1876-78ರ ಬರದಲ್ಲಿ ಈ ಸೀಮೆ ಸುಟ್ಟು ಹೋದ ಮೇಲೆ, 1880ರ ದಶಕದಲ್ಲಿ ಬಂದ ಹಳಿ ಇದು. ಆಗ ನಾವೆಲ್ಲಾ ಮುಂಬೈ ಇಲಾಖೆಯ ವಿಜಾಪುರ ಜಿಲ್ಲೆಯವರು, ಬಾಗಲಕೋಟೆ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಹಳಿ ಒಂದೇ, ಇಲಾಖೆ ಒಂದೇ, ಜಾತಿಯೂ ಒಂದೇ. ರೈಲು ಬಂತು, ಟಿಕೀಟಿಗೆ ಜಾತಿ ಇಲ್ಲ, ಡಬ್ಬಿಯಲ್ಲಿ ಎಲ್ಲರೂ ಮೈಗೆ ಮೈ ತಾಗಿ ಕೂಡ್ತಾರೆ, ಇನ್ನು ಜಾತಿ ಹೋಯಿತು ಅಂತ ಆಗಿನ ಬುದ್ಧಿವಂತರು ಬರೆದರು. ಆದರೆ ಅದೇ ಪ್ಲಾಟ್‌ಫಾರ್ಮಿನಲ್ಲಿ 'ಹಿಂದೂ ನೀರು', 'ಮುಸಲ್ಮಾನ ನೀರು' ಅಂತ ಬೇರೆ ಬೇರೆ ಇಟ್ಟು ಮಾರುತ್ತಿದ್ದರು. ಅದರಲ್ಲಿ ನಮ್ಮ ನೀರು ಯಾವುದು? ರೈಲು ಓಡುವಾಗ ನೀವು ಪ್ರಯಾಣಿಕರು. ನಿಂತು ಕೆಳಗೆ ಇಳಿದಿರೋ, ನೀವು ಯಾರ ಪೈಕಿ ಅನ್ನೋದು ಹೇಳಬೇಕು.

ಚಾಳೀಸಗಾಂವದ್ದು ಇನ್ನೂ ಕಡು ಕತೆ. 1929. ಆ ಹೊತ್ತಿಗೆ ಅವರು ಡಾಕ್ಟರ್ ಅಂಬೇಡ್ಕರ್, ಬ್ಯಾರಿಸ್ಟರು, ಮುಂಬೈ ಶಾಸನ ಸಭೆಯ ಸದಸ್ಯರು. ಅಸ್ಪೃಶ್ಯರ ಕಷ್ಟ ವಿಚಾರಿಸಲು ಸರ್ಕಾರ ನೇಮಿಸಿದ ಸಮಿತಿಯಲ್ಲಿದ್ದರು. ಖಾನದೇಶದ ಒಂದು ಹಳ್ಳಿಯಲ್ಲಿ ನಮ್ಮವರಿಗೆ ಬಹಿಷ್ಕಾರ ಹಾಕಿದ್ದನ್ನು ನೋಡಿಕೊಂಡು ನೆಟ್ಟಗೆ ಮುಂಬೈಗೆ ಹೋಗುವವರಿದ್ದರು. ಚಾಳೀಸಗಾಂವದ ಜನ ಸ್ಟೇಷನ್ನಿಗೆ ಬಂದು, ಸಾಹೇಬರೇ ಒಂದು ರಾತ್ರಿ ನಮ್ಮಲ್ಲಿ ಇದ್ದು ಹೋಗ್ರಿ ಅಂದರು. ಇಲ್ಲ ಅನ್ನಲು ಆಗಲಿಲ್ಲ. ಎರಡು ರೈಲಿನ ನಡುವಿನ ಒಂದು ರಾತ್ರಿ, ಅಷ್ಟೇ.

ಹಳ್ಳಿಗೆ ಹೋಗಿ ಮರಳಿ ಬಂದು ಇಳಿದರು. ಮಾಲೆ ಹಾಕಿದರು. ಮಹಾರವಾಡಾ ಅಲ್ಲಿಂದ ಎರಡು ಮೈಲಿ, ನಡೆದೂ ಹೋಗಬಹುದಿತ್ತು. ಹೊರಗೆ ಟಾಂಗಾಗಳು ಬೇಕಾದಷ್ಟು ನಿಂತಿವೆ. ಆದರೆ ಕರೆದುಕೊಂಡು ಹೋಗುವವರು ಯಾರೂ ಅಲುಗಾಡಲೊಲ್ಲರು. ಒಂದು ತಾಸು ಕಾದರು. ಆಮೇಲೆ ಒಂದು ಟಾಂಗಾ ಬಂತು. ಹತ್ತಿದರು. ಇನ್ನೂರು ಹೆಜ್ಜೆ ಹೋಗಿರಲಿಲ್ಲ, ಎದುರಿನ ಮೋಟಾರಿಗೆ ಬಡಿಯುವುದು ಸ್ವಲ್ಪದರಲ್ಲಿ ತಪ್ಪಿತು. ಮುಂದೆ ಹೊಳೆಯ ಮೇಲೆ ಮೋರಿ, ಅದಕ್ಕೆ ಗೋಡೆ ಇಲ್ಲ, ಅಂಚಿಗೆ ಬಿಡಿ ಕಲ್ಲು ನೆಟ್ಟಿದ್ದರು. ಗಾಲಿ ಕಲ್ಲಿಗೆ ಬಡಿಯಿತು. ಬಾಬಾಸಾಹೇಬರು ಎಗರಿ ಕಲ್ಲು ಹಾಸಿನ ಮೇಲೆ ಬಿದ್ದರು. ಕುದುರೆ, ಗಾಡಿ ಹೊಳೆಗೆ ಬಿದ್ದವು. ಕಾಲು ಮುರಿಯಿತು, ಎಷ್ಟೋ ದಿನ ನಡೆಯಲಾಗಲಿಲ್ಲ.

ಆಮೇಲೆ ಗೊತ್ತಾಯಿತು. ಟಾಂಗಾದವರು ಮಹಾರನನ್ನು ಕೂಡಿಸಿಕೊಂಡು ಹೊಡೆಯಲು ಒಲ್ಲೆ ಅಂದಿದ್ದರು. ಮನೆಗೆ ಬಂದ ಬ್ಯಾರಿಸ್ಟರನ್ನು ನಡೆಸಿಕೊಂಡು ಹೋಗುವುದು ಕೇರಿಯವರ ಮರ್ಯಾದೆಗೆ ಕಡಿಮೆ. ಅದಕ್ಕೆ ಒಪ್ಪಂದ ಆಯಿತು: ಟಾಂಗಾ ಬಾಡಿಗೆಗೆ ಕೊಡ್ತೀವಿ, ಹೊಡೆಯೋದು ನೀವೇ. ಜನ್ಮದಲ್ಲಿ ಲಗಾಮು ಹಿಡಿಯದ ನಮ್ಮವನೊಬ್ಬ ಹೊಡೆಯಲು ಕೂತ. ಬಾಬಾಸಾಹೇಬರು ಇದನ್ನು ಬರೆಯುವಾಗ ಟಾಂಗಾದವರ ಮೇಲೆ ಸಿಟ್ಟಾಗಿ ಬಿಟ್ಟುಬಿಡುವುದಿಲ್ಲ. ತಮ್ಮ ಮರ್ಯಾದೆ ಉಳಿಸಲು ಹೋಗಿ ನಮ್ಮವರೇ ತಮ್ಮ ಜೀವಕ್ಕೆ ಸಂಚಕಾರ ತಂದದ್ದನ್ನೂ ನೋಡುತ್ತಾರೆ. ಈ ಜಾಗ ನಾನು ಮತ್ತೆ ಮತ್ತೆ ಓದಿದ್ದೇನೆ. ಅವರು ಒಂದು ಮಾತು ಹೇಳಿದ್ದರೆ, ಸಾಹೇಬರೇ ಟಾಂಗಾದವರು ಬರೋದಿಲ್ಲ ಅಂತಾರ ಅಂತ, ಬಾಬಾಸಾಹೇಬರು ನಗುತ್ತಾ ಎರಡು ಮೈಲಿ ನಡೆಯುತ್ತಿದ್ದರು. ಹೇಳಲಿಲ್ಲ. ಹೇಳಲು ನಾಚಿಕೆ. ತಪ್ಪು ಮಾಡಿದವರು ಅವರು, ನಾಚಿಕೆ ನಮಗೆ.

ಈಗ ನನ್ನ ನಾಚಿಕೆಯ ಮಾತು. ನಲವತ್ತು ವರ್ಷದ ಮೇಲಾಯಿತು, ಯಾರ ಮುಂದೂ ಹೇಳಿಲ್ಲ.

1978ನೇ ಇಸವಿ. ಬೂಸಾ ಗಲಾಟೆ ಆಗಿ ನಾಲ್ಕೈದು ವರ್ಷ ಆಗಿತ್ತು. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಅಂದದ್ದಕ್ಕೆ ಹಾಸ್ಟೆಲ್ ಹುಡುಗರಿಗೆ ಬಿದ್ದ ಏಟು ನಮ್ಮ ಕಡೆಯೂ ಮಾತಿನಲ್ಲಿತ್ತು. ನಾನು, ನನ್ನ ಗೆಳೆಯ, ಇಬ್ಬರೂ ಧಾರವಾಡಕ್ಕೆ ಅಡ್ಮಿಶನ್ನಿಗೆ ಹೊರಟಿದ್ದೆವು. ನಾನು ಹುನಗುಂದ ತಾಲೂಕಿನವನು, ನಮ್ಮ ಕಡೆ ರೈಲಿಲ್ಲ. ಬಸ್ಸಿಗೆ ಬಾಗಲಕೋಟೆಗೆ ಬಂದು, ಮುಂಜಾನೆಯ ಪ್ಯಾಸೆಂಜರ್ ಹತ್ತಿದೆವು. ಗೆಳೆಯ ಅಂದ, ಬಾದಾಮಿಯೊಳಗ ಇಳಿಯೋಣು, ಗುಹಾ ನೋಡೋಣು, ಸಂಜಿ ಗಾಡಿಗೆ ಹೋಗೋಣು. ಪಠ್ಯದಲ್ಲಿ ಚಾಲುಕ್ಯರನ್ನು ಓದಿದ್ದೆವು, ಮನೆಯಿಂದ ಇಷ್ಟು ಹತ್ತಿರ ಇದ್ದೂ ನೋಡಿರಲಿಲ್ಲ.

ಬಾದಾಮಿ ಸ್ಟೇಷನ್ನು ಊರಿಂದ ಐದು ಕಿಲೋಮೀಟರ್ ದೂರ, ನಿಮಗೆ ಗೊತ್ತಿದೆ. ಹೊರಗೆ ಟಾಂಗಾ ಇದ್ದವು. ಒಬ್ಬ ಬಾಡಿಗೆ ಹೇಳಿದ, ಹತ್ತಲು ಹೋದೆವು. "ಯಾವೂರ್ರೋ ತಮ್ಮಾ? ಯಾರ ಪೈಕಿ?" ಅಂದ. ಕೆಟ್ಟದಾಗಿ ಕೇಳಲಿಲ್ಲ, ಮಾತಿಗೆ ಮಾತು ಕೇಳಿದ ಹಾಗೆ ಕೇಳಿದ. ಗೆಳೆಯ ಬಾಯಿ ತೆರೆಯುವುದರೊಳಗೆ ನಾನು "ನಡಕೊಂಡs ಹೋಗತೀವ್ರಿ" ಅಂದುಬಿಟ್ಟೆ. ಅವನು ಹತ್ತಿಸಿಕೊಳ್ಳುತ್ತಿದ್ದನೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಬಿಸಿಲಿನಲ್ಲಿ ಐದು ಕಿಲೋಮೀಟರ್ ನಡೆದೆವು. ಊರೊಳಗೆ ಒಂದು ಚಾದಂಗಡಿ. ಗೆಳೆಯನನ್ನು ಕರೆದುಕೊಂಡು ಹೋಗಿ ನಾನು ಹೊರಗಿನ ಕಟ್ಟೆಯ ಮೇಲೆ ಕೂತೆ. ಹೊರಗೆ ಕೂತದ್ದು ಕಂಡು ಅಂಗಡಿಯವನಿಗೆ ಅರ್ಥ ಆಯಿತು, ಗೂಡಿನಲ್ಲಿ ಇಟ್ಟಿದ್ದ ಬೇರೆ ಗ್ಲಾಸಿನಲ್ಲಿ ಚಹಾ ಬಂತು. ಕುಡಿದು ನಾವೇ ತೊಳೆದಿಟ್ಟೆವು.

ಗುಹೆ ಹತ್ತಿದೆವು. ಮೊದಲನೆಯದರ ಹೊರಗೆ ಹದಿನೆಂಟು ಕೈಯ ನಟರಾಜ. ಅದರ ಮುಂದೆ ಬಾಯಿ ಬಿಟ್ಟು ನಿಂತದ್ದು ನಿಜ. ಕೆಂಪು ಕಲ್ಲು ಮೈ ಬೆಚ್ಚಗಾದ ಹಾಗೆ ಕಾಣುತ್ತಿತ್ತು. ಮೂರನೆಯ ಗುಹೆಯಲ್ಲಿ 578ನೇ ಇಸವಿಯ ಮಂಗಳೇಶನ ಶಾಸನ ಇದೆ. ಅಲ್ಲೇ ತ್ರಿವಿಕ್ರಮ, ಒಂದು ಕಾಲು ಆಕಾಶಕ್ಕೆ ಎತ್ತಿ ನಿಂತಿದ್ದಾನೆ. ಎಲ್ಲರೂ ಆ ಎತ್ತಿದ ಕಾಲು ನೋಡಿ ಆಹಾ ಅಂತಾರೆ. ಆ ಕಾಲು ಯಾರ ನೆಲ ಅಳೆಯಿತು? ಬಲಿಯದು. ಜೋತಿಬಾ ಫುಲೆ 1873ರಲ್ಲೇ 'ಗುಲಾಮಗಿರಿ' ಬರೆದು, ಈ ಬಲಿ ನಮ್ಮ ರಾಜ, ದುಡಿಯುವವರ ರಾಜ, ಅವನನ್ನು ಮೋಸದಿಂದ ತುಳಿದದ್ದೇ ಈ ಕತೆ ಅಂತ ಬಿಡಿಸಿ ಹೇಳಿದ್ದರು. 1978ರಲ್ಲಿ ನನಗೆ ಅದು ಗೊತ್ತಿರಲಿಲ್ಲ, ನಾನೂ ಆಹಾ ಅಂದೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಮೇಲೆ ಕಟ್ಟಿದ ಶಿಲ್ಪಿ ಗುಂಡ ಅನಿವಾರಿತಾಚಾರಿಯ ಹೆಸರಿದೆ, ಒಳ್ಳೆಯದೇ. ಆ ಕಲ್ಲು ಎಳೆದು ತಂದವರ ಹೆಸರು, ಕೆತ್ತುವವರಿಗೆ ಕೆರ ಹೊಲಿದು ಕೊಟ್ಟವರ ಹೆಸರು ಎಲ್ಲೂ ಇಲ್ಲ. ಈಗ ನೀವು ಹೋದಾಗ ಎತ್ತಿದ ಕಾಲಿನಿಂದ ಕಣ್ಣು ಕೆಳಗಿಳಿಸಿ ಬಲಿಯನ್ನೂ ನೋಡಿ.

ಇಳಿದು ಬಂದರೆ ಕೆಳಗೆ ಅಗಸ್ತ್ಯ ತೀರ್ಥ. ಉದ್ದಕ್ಕೂ ಮೆಟ್ಟಿಲು, ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಆಚೆ ದಂಡೆಗೆ ಭೂತನಾಥನ ಗುಡಿ. ಬೆವರು ಸುರಿದು ಮೈ ಎಲ್ಲಾ ಉಪ್ಪಾಗಿತ್ತು. ನಾನು ಮೆಟ್ಟಿಲ ಮೇಲೆ ನಿಂತೆ. ನೀರು ಎರಡು ಮೊಳ ದೂರದಲ್ಲಿ. ಯಾವ ಬೋರ್ಡೂ ಇಲ್ಲ, ಬೇಡ ಅನ್ನುವವನು ಯಾರೂ ಇಲ್ಲ. ಒಬ್ಬ ಮುದುಕಿ ಒಗೆಯುತ್ತಿದ್ದಳು. ಆಕೆಗೆ ನಾನು ಅಂದೆ, "ಯವ್ವಾ, ಒಂದೀಟು ನೀರು ಹಾಕ್ರಿ." ಆಕೆ ನಕ್ಕಳು. "ಎದುರಿಗೆ ಇಷ್ಟು ದೊಡ್ಡ ಹೊಂಡ ಐತಲ್ಲೋ ತಮ್ಮಾ, ನಿನ್ನ ಕೈ ಮುರದಾವೇನು?"

ಮುರಿದಿದ್ದವು, ಗೆಳೆಯರೇ. ನಮ್ಮೂರಿನ ಭಾವಿ ಹತ್ತಿರ ನನ್ನವ್ವ ಕೊಡ ಇಟ್ಟುಕೊಂಡು, ಯಾರಾದರೂ ಮ್ಯಾಲಿನ ಜಾತಿಯವರು ಬಂದು ಸೇದಿ ಹಾಕಲಿ ಅಂತ ತಾಸುಗಟ್ಟಲೆ ಕಾಯುತ್ತಿದ್ದಳು. ಅದೂ ಎಲ್ಲಿ? ಕೂಡಲಸಂಗಮ ಇರುವ ತಾಲೂಕಿನಲ್ಲಿ. ಮಾದಾರ ಚನ್ನಯ್ಯನನ್ನು, ಡೋಹರ ಕಕ್ಕಯ್ಯನನ್ನು ಅಪ್ಪ, ಬೊಪ್ಪ ಅಂತ ಕರೆದ ಬಸವಣ್ಣನ ಸಂಗಮದ ಮಗ್ಗುಲಲ್ಲಿ. ಅವ್ವನ ಕೈ ಹಿಡಿದು ಅಲ್ಲೇ ನಿಂತು ಬೆಳೆದವನು ನಾನು. ಭಾವಿ ಬಿಟ್ಟು ಬಂದಿದ್ದೆ, ನಿಲ್ಲುವುದನ್ನು ಬಿಟ್ಟಿರಲಿಲ್ಲ.

ನನ್ನ ಗೆಳೆಯ ಏನೂ ಮಾತಾಡಲಿಲ್ಲ. ಚಪ್ಪಲಿ ಬಿಟ್ಟ, ಮೊಣಕಾಲ ತನಕ ಇಳಿದ, ಎರಡೂ ಕೈಲಿ ನೀರು ಮುಖಕ್ಕೆ ಎರಚಿಕೊಂಡ. ಮುದುಕಿ ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಗೊತ್ತಾಯಿತೋ ಏನೋ, ಸುಮ್ಮನೆ ಮತ್ತೆ ಬಟ್ಟೆ ಕುಕ್ಕತೊಡಗಿದಳು. ನಾನು ಅವತ್ತು ಮುಖ ತೊಳೆಯಲಿಲ್ಲ. ಸ್ಟೇಷನ್ನಿಗೆ ಮರಳಿ ಐದು ಕಿಲೋಮೀಟರ್ ನಡೆಯುವಾಗ ಅವನು ಒಂದೇ ಮಾತು ಅಂದ, "ಟಾಂಗಾದಂವಗ ನೀ ಯಾಕ ಹಂಗ ಅಂದಿ?"

ನನಗಾಗ ತಿಳಿಯದ ಸಂಗತಿ ಒಂದಿತ್ತು. 1923ರ ಆಗಸ್ಟಿನಲ್ಲಿ ಬೋಲೆ ಅವರು ತಂದ ಠರಾವನ್ನು ಮುಂಬೈ ಶಾಸನ ಸಭೆ ಒಪ್ಪಿತ್ತು: ಸರ್ಕಾರದ ಹಣದಿಂದ ಕಟ್ಟಿದ, ನಡೆಸುವ ಕೆರೆ, ಭಾವಿ, ಧರ್ಮಶಾಲೆ, ಶಾಲೆ, ದವಾಖಾನೆಗಳಲ್ಲಿ ಅಸ್ಪೃಶ್ಯರಿಗೂ ಹಕ್ಕು. ಬಾದಾಮಿ, ಹುನಗುಂದ ಆಗ ಮುಂಬೈ ಇಲಾಖೆಯವೇ, ಆ ಠರಾವು ನಮಗೂ ಸೇರಿದ್ದು. ಅದನ್ನು ಹಿಡಿದೇ 1927ರ ಮಾರ್ಚ್ 20ಕ್ಕೆ ಬಾಬಾಸಾಹೇಬರು ಮಹಾಡದ ಚವದಾರ ಕೆರೆಗೆ ಸಾವಿರಾರು ಜನರನ್ನು ಕರೆದೊಯ್ದು ನೀರು ಮುಟ್ಟಿದರು. ಹತ್ತು ವರ್ಷ ಕೋರ್ಟಿನಲ್ಲಿ ನಡೆದು 1937ರಲ್ಲಿ ಮುಂಬೈ ಹೈಕೋರ್ಟಿನಲ್ಲಿ ಗೆದ್ದರು. ಸಂವಿಧಾನದ 15ನೇ ವಿಧಿಯ ಎರಡನೇ ಖಂಡ ತೆಗೆದು ಓದಿ, ಅಂಗಡಿ, ಹೋಟೆಲು, ಭಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಒಂದೊಂದನ್ನೂ ಹೆಸರು ಹಿಡಿದು ಬರೆದಿದ್ದಾರೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ 1976ರಲ್ಲಿ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ ಅಂತ ಇನ್ನೂ ಬಿಗಿಯಾಗಿತ್ತು. ಅಂದರೆ ಅವತ್ತು ಆ ಮೆಟ್ಟಿಲ ಮೇಲೆ ನನ್ನ ವೀಸಾ ನನ್ನ ಕಿಸೆಯಲ್ಲೇ ಇತ್ತು. ತಡೆದವನು ನನ್ನ ತಲೆಯೊಳಗೆ ಕೂತಿದ್ದ.

ಇದನ್ನು ಹೇಳಿದರೆ ಕೆಲವರು, ಹೊರಗೆ ಈಗ ಏನೂ ಇಲ್ಲ, ಎಲ್ಲಾ ನಿಮ್ಮ ತಲೆಯೊಳಗೇ ಐತಿ ಅಂತ ಕೈ ತೊಳೆದುಕೊಳ್ಳುತ್ತಾರೆ. ಹಾಗಲ್ಲ. ಬಾಬಾಸಾಹೇಬರ ತಲೆಯೊಳಗೆ ಯಾವ ಕಾವಲುಗಾರನೂ ಇರಲಿಲ್ಲ, ಆದರೂ 1934ರಲ್ಲಿ ವೇರೂಳದ ಗುಹೆ ನೋಡಲು ಮೂವತ್ತು ಮಂದಿ ಜೊತೆಗಾರರೊಂದಿಗೆ ಹೊರಟು ದೌಲತಾಬಾದ್ ಕೋಟೆಯ ಹತ್ತಿರ ನಿಂತಾಗ ಏನಾಯಿತು? ಬಾಗಿಲ ಹೊರಗಿನ ಹೊಂಡದಲ್ಲಿ ಕೈಕಾಲು ತೊಳೆದರು. ಒಬ್ಬ ಮುದುಕ ಹೊಲೆಯರು ನೀರು ಮೈಲಿಗೆ ಮಾಡಿದರು ಅಂತ ಕೂಗುತ್ತಾ ಓಡಿ ಬಂದ. ಜನ ಸೇರಿದರು, ಬೈಗುಳ. ಆ ಮಂದಿ ಮುಸಲ್ಮಾನರು, ತಿಂಗಳು ರಂಜಾನ್. ಕಡೆಗೆ ಒಳಗೆ ಬಿಟ್ಟರು, ನೀರು ಮುಟ್ಟದಂತೆ ನೋಡಲು ಹತಿಯಾರದವನೊಬ್ಬನನ್ನು ಜೊತೆಗೆ ಕಳಿಸಿ. ನಾವು ಹೋದ ಗುಹೆ, ಹೊಂಡ, ಮೆಟ್ಟಿಲು, ಎಲ್ಲಾ ಅದೇ ನಮೂನೆ. ಅವರಿಗೆ ಹೊರಗೆ ಕಾವಲು ಹಾಕಬೇಕಾಯಿತು. ನನ್ನಂಥವನಿಗೆ ಆ ಖರ್ಚೂ ಬೇಕಾಗಲಿಲ್ಲ.

ಮೊನ್ನೆ ಒಬ್ಬ ವಿದ್ಯಾರ್ಥಿ ಬಂದಿದ್ದ. ಇಲ್ಲೇ ಕೂತಿದ್ದರೂ ಇರಬಹುದು, ಹೆಸರು ಹೇಳೋದಿಲ್ಲ. ನವನಗರದಲ್ಲಿ ಮೂವರು ಸೇರಿ ಒಂದು ರೂಮು ಹಿಡಿದಿದ್ದರು. ಮನೆಯವರು ಯಾವ ಮಂದಿ ಅಂತ ಕೇಳಿದಾಗ ಬೇರೆ ಜಾತಿಯ ಹೆಸರು ಹೇಳಿದ್ದ. ಗೋಡೆಗೆ ಬಾಬಾಸಾಹೇಬರ ಫೋಟೋ ಹಚ್ಚಲಿಲ್ಲ, ಟ್ರಂಕಿನಲ್ಲಿ ಇಟ್ಟಿದ್ದ. ಊರಿಂದ ಅಪ್ಪ ಬಂದಾಗ ಮಾತಿನಲ್ಲಿ ತಿಳಿಯಿತು. ಎರಡು ದಿನದಲ್ಲಿ, ರೂಮು ನಮ್ಮ ಅಣ್ಣನ ಮಗನಿಗೆ ಬೇಕಾಗೈತಿ ಅಂದರಂತೆ. ಅವನು ಕೇಳಿದ, ಅಣ್ಣಾ, ಸುಳ್ಳು ಹೇಳಿದ್ದು ತಪ್ಪಾಯಿತಾ?

ನಾನು ಅವನಿಗೆ ಬರೋಡಾದ ಕತೆ ಹೇಳಿದೆ. 1917ರಲ್ಲಿ ಅಮೆರಿಕ, ಇಂಗ್ಲೆಂಡಿನಲ್ಲಿ ಓದಿ ಬಂದ ಅಂಬೇಡ್ಕರರು ಮಹಾರಾಜರ ನೌಕರಿಗೆ ಬರೋಡಾದಲ್ಲಿ ಇಳಿದರು. ಇರಲು ಜಾಗ ಇಲ್ಲ. ಪಾರ್ಸಿಗಳ ಛತ್ರದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೆಯ ದಿನ ಬಡಿಗೆ ಹಿಡಿದ ಪಾರ್ಸಿಗಳು ಮೆಟ್ಟಿಲು ಹತ್ತಿ ಬಂದರು. ಊರಲ್ಲಿ ಬೇರೆ ಯಾರೂ ಜಾಗ ಕೊಡಲಿಲ್ಲ. ಮುಂಬೈ ರೈಲು ರಾತ್ರಿಗೆ. ಅಲ್ಲಿಯತನಕ ಕಾಮಾಠಿ ಬಾಗ್ ಅನ್ನೋ ತೋಟದಲ್ಲಿ ಕೂತು ಅತ್ತರು. ಎರಡು ರೈಲಿನ ನಡುವಿನ ಹನ್ನೊಂದು ದಿನ. ಸುಳ್ಳು ಹೆಸರು ಹೇಳಿದ್ದನ್ನು ಅವರು ಮುಚ್ಚಿಡಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆದರು. ಮಸೂರದ ದಾರಿಯಲ್ಲಿ ಒಂದು ಸುಳ್ಳು, ಬರೋಡಾದಲ್ಲಿ ಒಂದು ಸುಳ್ಳು. ಎರಡರಿಂದಲೂ ನೀರು ಸಿಗಲಿಲ್ಲ, ನೆರಳು ಉಳಿಯಲಿಲ್ಲ. ತಮ್ಮಾ, ನೀನು ಮಾಡಿದ್ದು ಪಾಪ ಅಂತ ನಾನು ಹೇಳೋದಿಲ್ಲ ಅಂದೆ. ಪರೀಕ್ಷೆ ಎದುರಿಗಿದ್ದಾಗ ತಲೆ ಮೇಲೆ ಸೂರು ಬೇಕು. ಆದರೆ ಆ ಮನೆಯಲ್ಲಿ ಮೂರು ತಿಂಗಳು ನಿದ್ದೆ ಬಂತಾ ಅಂತ ಕೇಳಿದೆ. ಅವನು ತಲೆ ಅಲ್ಲಾಡಿಸಿದ. ರೂಮು ಬಿಡಿಸಿದ್ದಕ್ಕೆ ಈಗ ಕಂಪ್ಲೇಂಟ್ ಕೊಡುವ ಬಗ್ಗೆ ವಕೀಲರ ಹತ್ತಿರ ಮಾತಾಡಿದ್ದೇವೆ, ಅವನೂ ಬರ್ತೀನಿ ಅಂದಿದ್ದಾನೆ.

ಇಳಕಲ್, ಹುನಗುಂದದ ಗೆಳೆಯರು ಒಂದು ಪಟ್ಟಿ ತಂದಿದ್ದಾರೆ, ತಮ್ಮ ಹಳ್ಳಿಗಳಲ್ಲಿ ಯಾವ ಯಾವ ಚಾದಂಗಡಿಯಲ್ಲಿ ಪ್ಲಾಸ್ಟಿಕ್ ಲೋಟ ನಮಗೆ, ಗಾಜಿನ ಗ್ಲಾಸು ಅವರಿಗೆ ಅಂತ. ಮೊದಲು ಎರಡು ಗ್ಲಾಸು ಇತ್ತು, ಈಗ ಬಳಸಿ ಬಿಸಾಡೋ ಲೋಟ ಬಂದು ಅಂಗಡಿಯವರಿಗೆ ಅನುಕೂಲ ಆಗಿದೆ. ಅದನ್ನು ಇಲ್ಲಿ ಓದೋದು ಬೇಡ, ನೋಡಿ ಖಾತ್ರಿ ಮಾಡಿಕೊಂಡು ಆಮೇಲೆ ಮಾತಾಡೋಣ.

ಬರುವ ಭಾನುವಾರ ಬಾದಾಮಿಗೆ ಹೋಗೋಣ ಅಂತ ಮಾಡಿದ್ದೇವೆ. ಬಾಗಲಕೋಟೆಯವರು ಮುಂಜಾನೆ ರೈಲಿಗೆ, ಇಳಕಲ್, ಹುನಗುಂದದವರು ಬಸ್ಸಿಗೆ. ತಂಗಿಯರೂ ಬರಬೇಕು, ಬರೀ ಗಂಡುಹುಡುಗರ ಪ್ರವಾಸ ಆಗೋದು ಬೇಡ. ಸ್ಟೇಷನ್ನಿನಿಂದ ಊರಿಗೆ ಗಾಡಿಯಲ್ಲೇ ಹೋಗೋಣ. ಯಾರಾದರೂ ಯಾರ ಪೈಕಿ ಅಂದರೆ ಹೆಸರು, ಊರು, ಜಾತಿ ನೆಟ್ಟಗೆ ಹೇಳೋದು. ಗುಹೆ ನೋಡಿ, ಬಲಿಯನ್ನು ನೋಡಿ, ಹೊಂಡದ ಮೆಟ್ಟಿಲ ಮೇಲೆ ಕೂತು ಊಟ. ರೊಟ್ಟಿ, ಹಿಂಡಿ, ಮೊಸರು ಕಟ್ಟಿಕೊಂಡು ಬರ್ರಿ. ನೀರಿನ ಬಾಟಲಿ ತರೋದು ಬೇಡ. ಊರೊಳಗೆ ಕೇಳಿ ಕುಡಿಯೋಣ, ಚಹಾ ಅಂಗಡಿಯ ಒಳಗೆ ಕೂತು ಕುಡಿಯೋಣ.

ನನಗೂ ಆ ಮೆಟ್ಟಿಲ ಹತ್ತಿರ ಒಂದು ಕೆಲಸ ಬಾಕಿ ಐತಿ. ಬರುವವರು ಹೆಸರು ಕೊಟ್ಟು ಹೋಗ್ರಿ, ಬಾಗಿಲ ಹತ್ತಿರ ವಹಿ ಇಟ್ಟಿದ್ದಾರೆ.

ಜೈ ಭೀಮ್.